ಬಾಗಿಲ ಮುಂದೆ ಕೂತ ಕಮಲಾ

ಒಲೆಯ ಮೇಲೆ ತೊಗರಿ ಬ್ಯಾಳಿ ಕುದಿಯುತ್ತಿದೆ. ನೊರೆ ಬರುತ್ತದೆ. ನೀವು ಸೌಟಿನಿಂದ ನೊರೆ ತೆಗೆಯುತ್ತೀರಿ. ಒಂದು ಬ್ಯಾಳಿ ತೆಗೆದು ಬೆರಳಿನಿಂದ ಹಿಚುಕಿ ನೋಡುತ್ತೀರಿ. ಇನ್ನೂ ಬೆಂದಿಲ್ಲ. ಇನ್ನೊಂದು ಕಟ್ಟಿಗೆ ಒಳಗೆ ತಳ್ಳುತ್ತೀರಿ.

ಒಂದು ದಿನ ಮಾದನಹಿಪ್ಪರಗಾದ ಸಂಜೆ ಕ್ಲಾಸಿನಲ್ಲಿ ನಾವು "ಬೇಳೆ" ಅಂತ ಬರೆಯಲು ಕಲಿಸುತ್ತಿದ್ದೆವು. ಒಬ್ಬ ಅಕ್ಕ ಕೇಳಿದರು: "ಬ್ಯಾಳಿ ಯಾಕ ಇಷ್ಟೊತ್ತು ಕುದಿಸಬೇಕ್ರಿ?"

"ಬೇಯದಿದ್ರ ಹೊಟ್ಟಿ ನೋಯ್ತದ" ಅಂದೆವು ನಾವು.

"ಅದು ನಮಗೂ ಗೊತ್ತದ. ಯಾಕ ನೋಯ್ತದ? ಅದನ್ನ ಹೇಳ್ರಿ."

ನಮಗೆ ಉತ್ತರ ಗೊತ್ತಿರಲಿಲ್ಲ. ಪುಸ್ತಕ ಹುಡುಕಿದೆವು. ಹುಡುಕುತ್ತ ಹೋದಾಗ ಒಬ್ಬ ಹೆಣ್ಣುಮಗಳ ಹೆಸರು ಸಿಕ್ಕಿತು. ಕಮಲಾ ಭಾಗವತ್. ಮದುವೆ ಆದ ಮೇಲೆ ಕಮಲಾ ಸೊಹೊನಿ. ನಾವು ತಿನ್ನುವ ಕಾಳು, ಬ್ಯಾಳಿ, ಹಾಲು ಇವುಗಳ ಒಳಗೆ ಏನಿದೆ ಅಂತ ಜೀವನವಿಡೀ ಹುಡುಕಿದವರು ಇವರು. ಹಾಗೆ ಹುಡುಕುವ ಕೆಲಸಕ್ಕಾಗಿ ಬೆಂಗಳೂರಿನಲ್ಲಿ ಒಂದು ಬಾಗಿಲ ಮುಂದೆ ಹಟ ಹಿಡಿದು ಕೂತವರು.

ಅವರ ಕತೆ ಹೇಳುತ್ತೇವೆ. ಬ್ಯಾಳಿಯ ಉತ್ತರ ಅದರ ಒಳಗೇ ಬರುತ್ತದೆ.

ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುತ್ತದೆ. ಕುಡಗೋಲು ಮಳೆಯಲ್ಲಿ ಬಿಟ್ಟರೆ ತುಕ್ಕು ಹಿಡಿಯುತ್ತದೆ. ಸುಣ್ಣದ ಕಲ್ಲಿಗೆ ನೀರು ಹಾಕಿದರೆ ಬೆಂಕಿ ಇಲ್ಲದೆ ಕುದಿಯುತ್ತದೆ. ಒಂದು ವಸ್ತು ಇನ್ನೊಂದು ವಸ್ತು ಆಗುವುದು ಹೇಗೆ, ಯಾಕೆ? ಇದನ್ನು ತಿಳಿಯುವ ವಿದ್ಯೆಗೆ ರಸಾಯನಶಾಸ್ತ್ರ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಕೆಮಿಸ್ಟ್ರಿ. ಕಮಲಾ ಕಲಿತದ್ದು ಈ ವಿದ್ಯೆ. ಅದರಲ್ಲೂ ಜೀವ ಇರುವ ವಸ್ತುಗಳ ರಸಾಯನ. ಗಿಡ, ಕಾಳು, ಹಾಲು, ನಮ್ಮ ಮೈ, ಇವುಗಳ ರಸಾಯನ.

ಕಮಲಾ ಹುಟ್ಟಿದ್ದು 1911ರಲ್ಲಿ, ಇಂದೂರಿನಲ್ಲಿ. ಅದು ಈಗ ಮಧ್ಯಪ್ರದೇಶದಲ್ಲಿದೆ. ಅಪ್ಪ ನಾರಾಯಣರಾವ್ ಭಾಗವತ್ ಮತ್ತು ಕಾಕಾ ಮಾಧವರಾವ್ ಭಾಗವತ್ ಇಬ್ಬರೂ ರಸಾಯನಶಾಸ್ತ್ರ ಓದಿದವರು. ಇಬ್ಬರೂ ಕಲಿತದ್ದು ನಮ್ಮ ಬೆಂಗಳೂರಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಬೆಂಗಳೂರಿನ ಜನ ಅದಕ್ಕೆ ಟಾಟಾ ಇನ್‌ಸ್ಟಿಟ್ಯೂಟ್ ಅನ್ನುತ್ತಾರೆ. ಮಗಳಿಗೂ ಅಲ್ಲೇ ಓದುವ ಆಸೆ. ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್‌ಸಿ. ಪರೀಕ್ಷೆ ಬರೆದರು. 1933ರಲ್ಲಿ ಪಾಸಾದರು. ಬರೀ ಪಾಸಲ್ಲ, ಎಲ್ಲರಿಗಿಂತ ಮೊದಲು ಬಂದರು.

ಬೆಂಗಳೂರಿಗೆ ಅರ್ಜಿ ಹಾಕಿದರು. ಸೀಟು ಸಿಗಲಿಲ್ಲ.

ನಂಬರು ಕಡಿಮೆ ಅಂತಲ್ಲ. ಹೆಣ್ಣು ಅಂತ.

ಆಗ ಆ ಸಂಸ್ಥೆಯ ಮುಖ್ಯಸ್ಥರು ಸರ್ ಸಿ.ವಿ. ರಾಮನ್. ಅವರ ಹೆಸರು ನೀವೂ ಕೇಳಿರಬಹುದು. 1930ರಲ್ಲಿ ನೊಬೆಲ್ ಬಹುಮಾನ ಪಡೆದವರು. ವಿಜ್ಞಾನಕ್ಕೆ ಜಗತ್ತಿನಲ್ಲಿ ಅದಕ್ಕಿಂತ ದೊಡ್ಡ ಬಹುಮಾನ ಇಲ್ಲ. ನಮ್ಮ ದೇಶಕ್ಕೆ ದೊಡ್ಡ ಹೆಮ್ಮೆ ತಂದವರು. ಆದರೆ ಹೆಣ್ಣುಮಕ್ಕಳು ತಮ್ಮ ಸಂಸ್ಥೆಗೆ ಬರುವುದು ಅವರಿಗೆ ಬೇಡವಾಗಿತ್ತು. ದೊಡ್ಡವರೆಲ್ಲ ಎಲ್ಲದರಲ್ಲೂ ದೊಡ್ಡವರಾಗಿ ಇರುವುದಿಲ್ಲ ನೋಡ್ರಿ.

ಇಲ್ಲಿ ನಾವು ಒಂದು ಮಾತು ಹೇಳಬೇಕು. ಈ ಸಂಸ್ಥೆ ಕಟ್ಟುವ ಯೋಚನೆ ಜಮಶೇಟ್‌ಜಿ ಟಾಟಾ ಅವರದು. ಜಾಗ ಕೊಟ್ಟದ್ದು ಮೈಸೂರು ಸಂಸ್ಥಾನ, 371 ಎಕರೆ. ಟಾಟಾ ಅವರ ಯೋಚನೆಯ ಮಾತುಕತೆ ಶುರುವಾದಾಗ ಮೈಸೂರಿನ ರಾಜ ಇನ್ನೂ ಚಿಕ್ಕ ಹುಡುಗ. ಅವರ ಪರವಾಗಿ ರಾಜ್ಯ ಆಳುತ್ತಿದ್ದವರು ತಾಯಿ ಕೆಂಪನಂಜಮ್ಮಣ್ಣಿ ಮಹಾರಾಣಿ. ರಾಜ್ಯ ಆಳಲು ಹೆಣ್ಣು ಆಗುತ್ತದೆ. ಆ ರಾಜ್ಯದ ಜಾಗದಲ್ಲಿ ಎದ್ದ ಸಾಲಿಯಲ್ಲಿ ಕಲಿಯಲು ಹೆಣ್ಣು ಬ್ಯಾಡ!

ಕಮಲಾ ಸುಮ್ಮನೆ ಕೂಡಲಿಲ್ಲ. ರೈಲು ಹತ್ತಿ ಬೆಂಗಳೂರಿಗೆ ಬಂದರು. ನನಗೆ ಯಾಕೆ ಸೀಟು ಇಲ್ಲ ಅಂತ ಕೇಳಿದರು. ಅದು ಗಾಂಧೀಜಿಯವರ ಸತ್ಯಾಗ್ರಹದ ಕಾಲ. ಮೂರು ವರ್ಷದ ಹಿಂದೆಯಷ್ಟೇ ಗಾಂಧೀಜಿ ಉಪ್ಪಿನ ಸತ್ಯಾಗ್ರಹ ಮಾಡಿದ್ದರು. ಕಮಲಾ ಕೂಡ ರಾಮನ್ ಅವರ ಕಚೇರಿ ಮುಂದೆ ಸತ್ಯಾಗ್ರಹ ಹೂಡಿದರು. ಸೇರಿಸಿಕೊಳ್ಳುವ ತನಕ ಏಳುವುದಿಲ್ಲ ಅಂತ ಹಟ ಹಿಡಿದರು. ಆಗ ಅವರಿಗೆ 22 ವರ್ಷ.

ಕಡೆಗೆ ಬಾಗಿಲು ತೆರೆಯಿತು. ಪೂರ್ತಿ ಅಲ್ಲ, ಅರ್ಧ.

ಷರತ್ತು ಹಾಕಿದರು. ಒಂದು ವರ್ಷ ಪರೀಕ್ಷೆಯ ಕಾಲ, ಅಲ್ಲಿಯ ತನಕ ನೀನು ನಮ್ಮ ವಿದ್ಯಾರ್ಥಿನಿ ಅಂತ ಲೆಕ್ಕ ಇಲ್ಲ. ಗುರುಗಳು ಹೇಳಿದರೆ ರಾತ್ರಿ ಹೊತ್ತೂ ಕೆಲಸ ಮಾಡಬೇಕು. ನಿನ್ನಿಂದ ಇಲ್ಲಿನ ಗಂಡುಹುಡುಗರ ಮನಸ್ಸು ಕೆಡಬಾರದು. ಈ ಕಡೆಯ ಷರತ್ತು ಓದಿ ನಮ್ಮ ಕ್ಲಾಸಿನ ಅಕ್ಕಂದಿರು ಬಾಯಿಗೆ ಸೆರಗು ಹಿಡಿದು ನಕ್ಕರು. ಒಬ್ಬರು ಮಾತ್ರ ನಗಲಿಲ್ಲ. "ಹುಡುಗರ ಮನಸ್ಸು ಕೆಟ್ರ ತಪ್ಪು ಹುಡುಗೀದಾ?" ಅಂದರು.

ಕಮಲಾ ಅವರಿಗೂ ಅದು ಚುಚ್ಚಿತು. ಮುಪ್ಪಿನ ಕಾಲದಲ್ಲಿ ಮಹಿಳಾ ವಿಜ್ಞಾನಿಗಳ ಮುಂದೆ ಇದನ್ನು ನೆನೆಸಿಕೊಂಡರು. ರಾಮನ್ ದೊಡ್ಡ ವಿಜ್ಞಾನಿ, ಆದರೂ ಸಣ್ಣ ಮನಸ್ಸು ಮಾಡಿದರು, ಅದನ್ನು ಮರೆಯಲು ಆಗಿಲ್ಲ ಎಂಬ ಅರ್ಥದಲ್ಲಿ ಹೇಳಿದರು. ಅರವತ್ತು ವರ್ಷ ಕಳೆದರೂ ಆ ಅವಮಾನ ಆರಿರಲಿಲ್ಲ. ಆದರೆ 1933ರಲ್ಲಿ ಅವರು ಷರತ್ತಿಗೆ ಒಪ್ಪಿದರು. ಕಲಿಯಬೇಕಿತ್ತು, ಒಪ್ಪಿದರು.

ಅಲ್ಲಿ ಅವರಿಗೆ ಸಿಕ್ಕ ಗುರುಗಳು ಎಂ. ಶ್ರೀನಿವಾಸಯ್ಯ. ಭಾಳ ಕಟ್ಟುನಿಟ್ಟಿನ ಮನುಷ್ಯ. ಕೆಲಸದಲ್ಲಿ ತಪ್ಪು ಸಹಿಸುತ್ತಿರಲಿಲ್ಲ. ಆದರೆ ಕಲಿಯುವವರು ಹೆಣ್ಣೋ ಗಂಡೋ ಅಂತ ನೋಡಲಿಲ್ಲ. ಕಲಿಯುವ ಮನಸ್ಸು ಇದ್ದರೆ ಆಯಿತು, ಕಲಿಸಿದರು. ಇಂಥ ಒಬ್ಬರು ಸಿಕ್ಕರೆ ಸಾಕು. ಕಮಲಾ ಕಡೆಯ ತನಕ ಈ ಗುರುಗಳನ್ನು ನೆನೆದರು.

ಅಲ್ಲಿ ಕಮಲಾ ಮಾಡಿದ್ದೇನು? ಹಾಲು, ಬ್ಯಾಳಿ, ಕಾಳು ಇವುಗಳ ಪ್ರೋಟೀನು ಹುಡುಕಿದರು.

ಪ್ರೋಟೀನು ಅಂದ್ರ ಮೈ ಕಟ್ಟುವ ಸತ್ವ. ಗೋಡೆಗೆ ಇಟ್ಟಿಗೆ ಹೇಗೋ ಮೈಗೆ ಪ್ರೋಟೀನು ಹಾಗೆ. ಕೂಸು ಬೆಳೆಯುವುದು ಇದರಿಂದ. ಗಾಯ ಮಾಯುವುದು ಇದರಿಂದ. ಬಸುರಿಗೆ, ಬಾಣಂತಿಗೆ ಇದು ಹೆಚ್ಚು ಬೇಕು. ಮಾಂಸ, ತತ್ತಿ, ಹಾಲಿನಲ್ಲಿ ಪ್ರೋಟೀನು ಇದೆ. ಆದರೆ ದಿನಾ ಮಾಂಸ, ಹಾಲು ಯಾರ ಮನೆಯಲ್ಲಿ ಇರುತ್ತದೆ? ಬಡವರ ಗಂಗಾಳದಲ್ಲಿ ಇರುವುದು ಬ್ಯಾಳಿ. ಅದಕ್ಕೇ ಬ್ಯಾಳಿಯ ಒಳಗೆ ನಿಜಕ್ಕೂ ಎಷ್ಟು ಪ್ರೋಟೀನು ಇದೆ ಅಂತ ಸರಿಯಾಗಿ ತಿಳಿಯಬೇಕಿತ್ತು.

ಆಗಿನ ಲೆಕ್ಕದಲ್ಲಿ ಒಂದು ತೊಡಕು ಇತ್ತು. ಪ್ರೋಟೀನಿನಲ್ಲಿ ಸಾರಜನಕ ಅನ್ನುವ ವಸ್ತು ಇರುತ್ತದೆ. ಹೊಲಕ್ಕೆ ಹಾಕುವ ಯೂರಿಯಾ ಗೊಬ್ಬರದಲ್ಲೂ ಅದೇ ಇದೆ. ಕಾಳಿನಲ್ಲಿ ಎಷ್ಟು ಸಾರಜನಕ ಇದೆ ಅಂತ ಅಳೆದು, ಅದರ ಮೇಲೆ ಪ್ರೋಟೀನು ಇಷ್ಟು ಅಂತ ಲೆಕ್ಕ ಹಾಕುತ್ತಿದ್ದರು. ಆದರೆ ಕಾಳಿನ ಸಾರಜನಕ ಎಲ್ಲವೂ ಪ್ರೋಟೀನಿನದು ಅಲ್ಲ. ಬೇರೆ ವಸ್ತುಗಳದೂ ಸ್ವಲ್ಪ ಇರುತ್ತದೆ. ಹೊಟ್ಟಿನ ಸಮೇತ ತೊಗರಿ ತೂಗಿ, ತೊಗರಿ ಇಷ್ಟು ಆಯಿತು ಅಂದ ಹಾಗೆ ಇದು. ಹೊಟ್ಟು ತೂರಿ ತೂಗಿದರೆ ತಾನೇ ನಿಜ ಲೆಕ್ಕ? ಕಮಲಾ ಮತ್ತು ಶ್ರೀನಿವಾಸಯ್ಯ ಆ "ಹೊಟ್ಟಿ"ನ ಪಾಲು ಎಷ್ಟು ಅಂತ ಹುಡುಕಿದರು. 1935ರಲ್ಲಿ ಅವರ ಬರಹ ಇಂಗ್ಲೆಂಡಿನ ಒಂದು ದೊಡ್ಡ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು.

ಇಂಥ ಹುಡುಕಾಟದಿಂದ ಇವತ್ತು ನಮಗೆ ಲೆಕ್ಕ ಗೊತ್ತಿದೆ. 100 ಗ್ರಾಂ ತೊಗರಿ ಬ್ಯಾಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನು ಇದೆ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ. ಇನ್ನೂ ಒಂದು ಮಾತು ಇದೆ. ಪ್ರೋಟೀನು ಅಂದರೆ ಒಂದೇ ಥರದ ಇಟ್ಟಿಗೆ ಅಲ್ಲ, ಹಲವು ಥರದ ಇಟ್ಟಿಗೆ. ಜೋಳದಲ್ಲಿ ಒಂದು ಥರದ್ದು ಕಡಿಮೆ. ಅದು ಬ್ಯಾಳಿಯಲ್ಲಿ ಚೆನ್ನಾಗಿದೆ. ಬ್ಯಾಳಿಯಲ್ಲಿ ಇನ್ನೊಂದು ಥರದ್ದು ಕಡಿಮೆ. ಅದು ಜೋಳದಲ್ಲಿದೆ. ರೊಟ್ಟಿಯನ್ನು ಬ್ಯಾಳಿ ಜೊತೆ ತಿಂದರೆ ಒಂದರ ಕೊರತೆ ಇನ್ನೊಂದು ತುಂಬುತ್ತದೆ. ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಊಟ ಇದೇ ಅಲ್ಲವೇ? ಕಲಬುರಗಿ ತೊಗರಿಗೆ 2019ರಲ್ಲಿ ಸರ್ಕಾರದಿಂದ ಜಿ.ಐ. ಗುರುತು ಸಿಕ್ಕಿತು. ಈ ನೆಲದ ತೊಗರಿಗೆ ಇದರದೇ ರುಚಿ, ಇದರದೇ ಗುಣ ಇದೆ ಅನ್ನುವ ಗುರುತು ಅದು. ಆದರೆ ಚೀಲಗಟ್ಟಲೆ ತೊಗರಿ ಮಾರಿ, ಮನೆಯಲ್ಲಿ ಎಲ್ಲರೂ ಉಂಡ ಮೇಲೆ ನಾವು ಬರೀ ರೊಟ್ಟಿ ಖಾರ ತಿಂದು ಮಲಗುತ್ತೇವೆ. ಅದು ಬೇರೆ ಮಾತು. ಬೇರೆ ಮಾತು ಅಂತ ಬಿಡುವಂಥದ್ದೂ ಅಲ್ಲ.

ವರ್ಷ ಮುಗಿಯಿತು. ಕಮಲಾ ಅವರ ಕೆಲಸ ನೋಡಿ ರಾಮನ್ ಒಪ್ಪಿದರು. ಪೂರ್ತಿ ವಿದ್ಯಾರ್ಥಿನಿಯಾಗಿ ಸೇರಿಸಿಕೊಂಡರು. ಆಮೇಲೆ ಬೇರೆ ಹೆಣ್ಣುಮಕ್ಕಳಿಗೂ ಆ ಸಂಸ್ಥೆಯಲ್ಲಿ ಜಾಗ ಸಿಗತೊಡಗಿತು. 1940ರಲ್ಲಿ ಅನ್ನಾ ಮಣಿ ಬಂದರು. ಮಳೆ, ಗಾಳಿ, ಬಿಸಿಲು ಅಳೆಯುವ ಯಂತ್ರಗಳನ್ನು ಮುಂದೆ ನಮ್ಮ ದೇಶದಲ್ಲೇ ಮಾಡಿಸಿದವರು ಅವರು. 1943ರಲ್ಲಿ ನಮ್ಮ ನಂಜನಗೂಡಿನಲ್ಲಿ ಹುಟ್ಟಿದ ರಾಜೇಶ್ವರಿ ಬಂದರು. ಮುಂದೆ ಅಲ್ಲೇ ಎಂಜಿನಿಯರಿಂಗ್ ಕಲಿಸುವ ಪ್ರೊಫೆಸರ್ ಆದರು, ರಾಜೇಶ್ವರಿ ಚಟರ್ಜಿ ಅಂತ ಹೆಸರಾದರು.

ಕಮಲಾ 1936ರಲ್ಲಿ ಎಂ.ಎಸ್‌ಸಿ. ಮುಗಿಸಿದರು. ವಿದ್ಯಾರ್ಥಿವೇತನ ಸಿಕ್ಕಿತು. ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋದರು. ಅಲ್ಲಿಯ ದೊಡ್ಡ ಪ್ರಯೋಗಶಾಲೆಯಲ್ಲಿ ಜಾಗ ಇರಲಿಲ್ಲ. ಡೆರೆಕ್ ರಿಕ್ಟರ್ ಅನ್ನುವ ವಿಜ್ಞಾನಿ ಹಗಲು ತಮ್ಮ ಒಂದು ಮೇಜು ಬಿಟ್ಟುಕೊಟ್ಟರು. ರಾತ್ರಿ ಅದೇ ಮೇಜಿನ ಮೇಲೆ ಅವರು ಮಲಗುತ್ತಿದ್ದರಂತೆ! ಆಮೇಲೆ ಕಮಲಾ ರಾಬಿನ್ ಹಿಲ್ ಅನ್ನುವವರ ಹತ್ತಿರ ಗಿಡಗಳ ಮೇಲೆ ಕೆಲಸ ಮಾಡಿದರು. ಆಲೂಗಡ್ಡೆ ತಗೊಂಡು ಹುಡುಕಿದರು.

ಗಿಡವೂ ಉಸಿರಾಡುತ್ತದೆ. ಗಡ್ಡೆಯೂ ಉಸಿರಾಡುತ್ತದೆ. ಮೂಲೆಯಲ್ಲಿ ಇಟ್ಟ ಆಲೂಗಡ್ಡೆಗೂ ಜೀವ ಇದೆ, ಇಲ್ಲದಿದ್ದರೆ ಮೊಳಕೆ ಹೇಗೆ ಬಂದೀತು? ಆ ಉಸಿರಿನ ಕೆಲಸಕ್ಕೆ ನೆರವಾಗುವ ಒಂದು ವಸ್ತುವಿನ ಹೆಸರು ಸೈಟೋಕ್ರೋಮ್ ಸಿ. ಅದರ ಒಳಗೆ ಕಬ್ಬಿಣದ ಅಂಶ ಇದೆ. ಅದು ಗಿಡಗಳ ಜೀವಕಣಗಳಲ್ಲೂ ಇದೆ ಅಂತ ಕಮಲಾ ತೋರಿಸಿದರು. ಇದನ್ನು ಬರೀ 40 ಪುಟದಲ್ಲಿ ಬರೆದು ಕೊಟ್ಟರು. 1939ರಲ್ಲಿ ಪಿಎಚ್.ಡಿ. ಸಿಕ್ಕಿತು. ಅದು ಓದಿನ ಭಾಳ ಮೇಲಿನ ಪದವಿ. ವಿಜ್ಞಾನದಲ್ಲಿ ಅದನ್ನು ಪಡೆದ ಮೊದಮೊದಲ ಭಾರತೀಯ ಹೆಣ್ಣುಮಕ್ಕಳಲ್ಲಿ ಕಮಲಾ ಒಬ್ಬರು. ಕೇಂಬ್ರಿಜ್ ಅಂದರೆ ಎಲ್ಲ ಸರಿ ಇತ್ತು ಅಂತ ತಿಳಿಯಬೇಡಿ. ಆ ವಿಶ್ವವಿದ್ಯಾಲಯ ಕೂಡ 1948ರ ತನಕ ಹೆಣ್ಣುಮಕ್ಕಳಿಗೆ ಗಂಡಸರ ಸರಿಸಮ ಪದವಿ ಕೊಡುತ್ತಿರಲಿಲ್ಲ.

ಅದೇ ವರ್ಷ ದೇಶಕ್ಕೆ ಬಂದರು. ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜಿನಲ್ಲಿ ಕಲಿಸಿದರು. ಆಮೇಲೆ ತಮಿಳುನಾಡಿನ ಕೂನೂರಿನಲ್ಲಿ ಆಹಾರದ ಸತ್ವಗಳ ಪ್ರಯೋಗಶಾಲೆಯಲ್ಲಿ ಇದ್ದರು. ಅಲ್ಲಿ ಮುಂದೆ ಹೋಗುವ ದಾರಿ ಕಾಣಲಿಲ್ಲ. 1947ರಲ್ಲಿ ಎಂ.ವಿ. ಸೊಹೊನಿ ಅವರನ್ನು ಮದುವೆ ಆಗಿ ಮುಂಬಯಿಗೆ ಬಂದರು. ಅಲ್ಲಿಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಆದರು. ಮುಂದಿನ ಕೆಲಸವೆಲ್ಲ ಅಲ್ಲಿಯೇ.

ಈಗ ನಮ್ಮ ಅಕ್ಕ ಕೇಳಿದ ಪ್ರಶ್ನೆಗೆ ಬಂದೆವು.

ನಾವು ತಿಂದ ಪ್ರೋಟೀನನ್ನು ಹೊಟ್ಟೆ, ಕರುಳು ಸಣ್ಣ ಸಣ್ಣ ಚೂರು ಮಾಡಬೇಕು. ಆಗಲೇ ಅದು ಮೈಗೆ ಹತ್ತುತ್ತದೆ. ಚೂರು ಮಾಡಲು ಕರುಳಿನಲ್ಲಿ ಕತ್ತರಿಯಂಥ ರಸ ಇದೆ. ಅದರ ಹೆಸರು ಟ್ರಿಪ್ಸಿನ್. ಆದರೆ ಹಸಿ ಕಾಳಿನಲ್ಲಿ ಆ ಕತ್ತರಿಯನ್ನು ಹಿಡಿದು ನಿಲ್ಲಿಸುವ ಒಂದು ವಸ್ತು ಇರುತ್ತದೆ. ಕಾಳಿಗೆ ಅದು ತನ್ನ ಕಾವಲು. ಹುಳ ಹುಪ್ಪಡಿ ತಿನ್ನಬಾರದು ಅಂತ ಗಿಡ ಮಾಡಿಕೊಂಡ ಉಪಾಯ. ನಾವು ಹಸಿ ಕಾಳು ಹೆಚ್ಚು ತಿಂದರೆ ನಮ್ಮ ಕತ್ತರಿಯೂ ಮೊಂಡಾಗುತ್ತದೆ. ಪ್ರೋಟೀನು ಹೊಟ್ಟೆಗೆ ಹೋದರೂ ಮೈಗೆ ಹತ್ತುವುದಿಲ್ಲ. ಹೊಟ್ಟೆ ಉಬ್ಬರಿಸುವುದಕ್ಕೆ, ನೋಯುವುದಕ್ಕೆ ಇದೂ ಒಂದು ಕಾರಣ. ಚೆನ್ನಾಗಿ ಕುದಿಸಿದರೆ ಆ ಕಾವಲಿನ ವಸ್ತು ಬಹುಮಟ್ಟಿಗೆ ಸತ್ತುಹೋಗುತ್ತದೆ. ನಮ್ಮ ದೇಶದ ಯಾವ ಯಾವ ಕಾಳಿನಲ್ಲಿ ಈ ಕಾವಲು ಇದೆ ಅಂತ 1950ರ ದಶಕದಲ್ಲಿ ಕಮಲಾ ಮತ್ತು ಅವರ ಶಿಷ್ಯರು ಹುಡುಕಿ ಬರೆದರು. ನಮ್ಮ ಅಜ್ಜಿಯರು ಮಾಡಿ ತಿಳಿದದ್ದನ್ನು ಇವರು ಅಳೆದು ತಿಳಿದರು.

ಹಾಗಾದರೆ ಬೋರಿನ ನೀರಿನಲ್ಲಿ ಬ್ಯಾಳಿ ಯಾಕೆ ಲಗೂನೆ ಬೇಯುವುದಿಲ್ಲ? ಇದನ್ನೂ ಕೇಳಿದರು. ಆ ನೀರು ಗಡಸು. ಅದರಲ್ಲಿ ಸುಣ್ಣದ ಅಂಶ ಹೆಚ್ಚು. ಅದು ಬ್ಯಾಳಿಯ ಮೈಯನ್ನು ಬಿಗಿ ಮಾಡುತ್ತದೆ. ಸೋಡಾ ಹಾಕಿದರೆ ಬೇಗ ಬೇಯುತ್ತದೆ, ನಿಜ. ಆದರೆ ಬ್ಯಾಳಿಯಲ್ಲಿರುವ ಒಂದು ಬಿ ಜೀವಸತ್ವ ಹಾಳಾಗುತ್ತದೆ. ಬ್ಯಾಳಿ ಮೊದಲೇ ನೆನೆಸಿಡುವುದು, ಮಳೆ ನೀರು ಅಥವಾ ಮೆತ್ತನ್ನ ನೀರು ಇದ್ದರೆ ಅದರಲ್ಲಿ ಕುದಿಸುವುದು ಒಳ್ಳೆಯದು.

ಮುಂಬಯಿಯಲ್ಲಿ ಕಮಲಾ ಮಾಡಿದ ಇನ್ನೊಂದು ಕೆಲಸ ನೀರಾದ ಮೇಲೆ. ಈಚಲ ಮರ, ತಾಳೆ ಮರದಿಂದ ಬೆಳಗಿನ ಜಾವ ಇಳಿಸುವ ಸಿಹಿ ರಸಕ್ಕೆ ನೀರಾ ಅನ್ನುತ್ತಾರೆ. ಬಿಸಿಲು ಏರಿ ಹುಳಿ ಬಂದರೆ ಅದೇ ಸೇಂದಿ. ಸೇಂದಿ ಅಂದ ಕೂಡಲೆ ನಿಮ್ಮ ಮುಖ ಗಂಟಾಯಿತು. ಯಾಕೆ ಅಂತ ನಮಗೆ ಗೊತ್ತು. ಆದರೆ ಹುಳಿ ಬರುವ ಮೊದಲು ಅದರಲ್ಲಿ ಅಮಲು ಇಲ್ಲ. ರಾಷ್ಟ್ರಪತಿ ರಾಜೇಂದ್ರ ಪ್ರಸಾದರ ಸೂಚನೆಯ ಮೇಲೆ ಕಮಲಾ ನೀರಾವನ್ನು ಪರೀಕ್ಷೆ ಮಾಡಿದರು. ಅದರಲ್ಲಿ ಜೀವಸತ್ವಗಳು ಮತ್ತು ಕಬ್ಬಿಣದ ಅಂಶ ಸಿಕ್ಕವು. ಊಟದ ಕೊರತೆ ಇದ್ದ ಆದಿವಾಸಿ ಮಕ್ಕಳಿಗೆ, ಬಸುರಿಯರಿಗೆ ಕೊಟ್ಟು ನೋಡಿದರು. ಅವರ ಆರೋಗ್ಯ ಸುಧಾರಿಸಿತು. ಈ ಕೆಲಸಕ್ಕೆ ಅವರಿಗೆ ರಾಷ್ಟ್ರಪತಿ ಪ್ರಶಸ್ತಿ ಬಂತು.

ರಕ್ತ ಕಡಿಮೆ ಅಂತ ಡಾಕ್ಟರು ನಮಗೆಲ್ಲ ಹೇಳುತ್ತಾರಲ್ಲ, ಅದು ಕಬ್ಬಿಣದ ಕೊರತೆಯಿಂದಲೇ ಹೆಚ್ಚು. ನೀರಾ ಈಗ ಎಲ್ಲಿ ಸಿಗುತ್ತದೆ? ಸೊಪ್ಪು, ಬ್ಯಾಳಿ ಉಣ್ಣುವಾಗ ಮೇಲೆ ಒಂದಿಷ್ಟು ನಿಂಬೆ ರಸ ಹಿಂಡಿಕೊಳ್ಳಿ. ನಿಂಬೆಯ ಹುಳಿ ಸೊಪ್ಪಿನ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ. ಡಾಕ್ಟರು ಕೊಟ್ಟ ಗುಳಿಗೆ ಬಿಡಬೇಡಿ.

ಇಷ್ಟೆಲ್ಲ ಮಾಡಿದ ಮೇಲೆ ಕಮಲಾ ಆ ಸಂಸ್ಥೆಯ ಮುಖ್ಯಸ್ಥೆ ಆಗಬೇಕಿತ್ತು. ಒಳಗಿನ ರಾಜಕೀಯದಿಂದ ನಾಲ್ಕು ವರ್ಷ ತಡವಾಯಿತು. ಹೊರಗೆ ಕೂತು ಕಾಯುವುದು ಅವರಿಗೆ ಹೊಸದಲ್ಲ. ಕಡೆಗೆ ಆ ಕುರ್ಚಿಯೂ ಸಿಕ್ಕಿತು.

1966ರಲ್ಲಿ ಮುಂಬಯಿಯಲ್ಲಿ ಒಂಬತ್ತು ಜನ ಹೆಣ್ಣುಮಕ್ಕಳು ಕೂಡಿ ಗ್ರಾಹಕರ ಸಂಘ ಒಂದು ಕಟ್ಟಿದರು. ಗ್ರಾಹಕರು ಅಂದರೆ ಅಂಗಡಿಯಲ್ಲಿ ಕೊಳ್ಳುವವರು, ನಾವೇ. ಕಲಬೆರಕೆ, ತೂಕದ ಮೋಸ ಇವುಗಳ ವಿರುದ್ಧ ಕೆಲಸ ಮಾಡುವ ಸಂಘ. ಕಮಲಾ ಅದರಲ್ಲಿ ದುಡಿದರು. 1982-83ರಲ್ಲಿ ಅಧ್ಯಕ್ಷೆ ಆದರು. ಸಂಘದ ಪತ್ರಿಕೆಯ ಹೆಸರು "ಕೀಮತ್". ನಾವು ಕಿಮ್ಮತ್ತು ಅನ್ನುತ್ತೇವಲ್ಲ, ಅದೇ. ಅದರಲ್ಲಿ ಬರೆದರು. ಪ್ರಯೋಗಶಾಲೆಯ ವಿದ್ಯೆಯನ್ನು ಅಡುಗೆಮನೆಗೆ, ಸಂತೆಗೆ ತಂದರು.

ಅಂಥ ಒಂದೆರಡು ಪರೀಕ್ಷೆ ನಾವೂ ನಮ್ಮ ಕ್ಲಾಸಿನಲ್ಲಿ ಮಾಡಿ ನೋಡಿದೆವು. ಸ್ಟೀಲಿನ ತಾಟು ಓರೆ ಹಿಡಿದು ಒಂದು ಹನಿ ಹಾಲು ಬಿಟ್ಟೆವು. ಒಳ್ಳೆಯ ಹಾಲು ನಿಧಾನಕ್ಕೆ ಹರಿದು ಹಿಂದೆ ಬಿಳಿ ಗೆರೆ ಬಿಡುತ್ತದೆ. ನೀರು ಬೆರೆತ ಹಾಲು ಗೆರೆ ಬಿಡದೆ ಸರ್ರನೆ ಓಡುತ್ತದೆ. ಬ್ಯಾಳಿಯನ್ನು ಒಂದು ಗ್ಲಾಸು ನೀರಿಗೆ ಹಾಕಿದೆವು. ಬಣ್ಣ ಹಚ್ಚಿದ ಬ್ಯಾಳಿ ಇದ್ದರೆ ನೀರು ಕೂಡಲೆ ಹಳದಿ ಆಗುತ್ತದೆ. ಆಮೇಲೆ ಬ್ಯಾಳಿಯನ್ನು ಮೊರದಲ್ಲಿ ಹರಡಿ ಕೇಸರಿ ಬ್ಯಾಳಿ ಹುಡುಕಿದೆವು. ತೊಗರಿ ಬ್ಯಾಳಿ ದುಂಡು. ಕೇಸರಿ ಬ್ಯಾಳಿಯ ಒಂದು ಕಡೆ ಇಳಿಜಾರು, ಇನ್ನೊಂದು ಕಡೆ ಚೌಕ. ಅದನ್ನು ತಿಂಗಳುಗಟ್ಟಲೆ ಹೆಚ್ಚು ತಿಂದರೆ ಕಾಲು ಸೋತುಹೋಗುತ್ತವೆ. ಅಷ್ಟು ಹೊತ್ತು ಅಕ್ಕಂದಿರು ಬರೆಯುವುದು ಬಿಟ್ಟಿದ್ದರು. ನಾವೂ ಬರೆಯಿರಿ ಅನ್ನಲಿಲ್ಲ.

ಕಮಲಾ ಸೊಹೊನಿ 1998ರಲ್ಲಿ ತೀರಿಕೊಂಡರು. ಆಗ ಅವರಿಗೆ 80 ದಾಟಿತ್ತು. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಅವರನ್ನು ಸನ್ಮಾನ ಮಾಡಲು ದೆಹಲಿಗೆ ಕರೆದಿತ್ತು. ಆ ಮಂಡಳಿಗೆ ಆಗ ಮುಖ್ಯಸ್ಥೆಯಾಗಿದ್ದವರೂ ಒಬ್ಬ ಹೆಣ್ಣುಮಗಳು, ಡಾ. ಸತ್ಯವತಿ. ಆ ಸನ್ಮಾನದ ಸಭೆಯಲ್ಲಿಯೇ ಕಮಲಾ ಕುಸಿದು ಬಿದ್ದರು. ಸ್ವಲ್ಪ ದಿನಕ್ಕೆ ಹೋದರು.